ಗುಮಾಸ್ತರು ಹಾಕಿಸಿದ ಸಾಕ್ಷ್ಯಚಿತ್ರ

ಮಧ್ಯಾಹ್ನದವರೆಗೆ ಫೋನನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡದಿದ್ದರೆ ಸಿಡಿಯುತ್ತದೆ ಎಂದು ಬೆಳಗ್ಗೆ ಯಾವುದೋ ಚಾನೆಲ್ ಹೇಳಿತ್ತು. ರಟ್ಟಿನ ಪೆಟ್ಟಿಗೆ ತಯಾರಿಸುವ ಆ ಕಂಪನಿಯ ಆಫೀಸಿನಲ್ಲಿ ಎಲ್ಲರೂ ಊಟದ ಡಬ್ಬಿ ಖಾಲಿ ಮಾಡಿ, ಒಳಗೆ ಫೋನಿಟ್ಟು, ಮುಚ್ಚಳ ಬಿಗಿದು ಕೂತರು. ಲಾರಿ ಎಲ್ಲಿಗೆ ಹೋಗಬೇಕೆಂದು ತಿಳಿಸಲು ಹೊರಗಿನಿಂದ ಫೋನ್ ಮಾಡಿದ ಮ್ಯಾನೇಜರಿಗೆ ಒಬ್ಬರೂ ಸಿಗಲಿಲ್ಲ. ಈ ವರ್ಷವಷ್ಟೇ ಅದೇ ಊರಿನ ಇನ್ನೊಂದು ಶಾಖೆಯಿಂದ ವರ್ಗವಾಗಿ ಬಂದಿದ್ದ ಅವರು ಕೆಂಡಾಮಂಡಲವಾಗಿ ಬಂದಿಳಿದರು.

"ಇವರ ತಲೆಗೆ ಸ್ವಲ್ಪ ಬುದ್ಧಿ ತುಂಬೋ ದಾರಿ ಇದ್ರೆ ಹೇಳಿ," ಎಂದರು ಹಿರಿಯ ಗುಮಾಸ್ತರನ್ನು ಕರೆದು.

ಹೆಡ್ ಕ್ಲರ್ಕ್ ಕುರ್ಚಿ ಖಾಲಿಯಿತ್ತು. ಅದರ ಮೇಲೆ ಕಣ್ಣಿಟ್ಟಿದ್ದ ಗುಮಾಸ್ತರು ಎದೆಯುಬ್ಬಿಸಿದರು.

"ಒಂದು ಸಾಕ್ಷ್ಯಚಿತ್ರ ಇದೆ ಸಾರ್. ಟಿವಿ, ಪೇಪರು, ಮೊಬೈಲು ಸೇರಿ ಜನರನ್ನ ಹೇಗೆ ಕುಣಿಸ್ತವೆ ಅಂತ ಬಿಡಿಸಿ ಬಿಡಿಸಿ ತೋರಿಸ್ತಾರೆ. ಕಣ್ಣು ಮುಚ್ಚಿ ಹಾಕಿಸಿ, ಜವಾಬ್ದಾರಿ ನಂದು."

"ಪೂರ್ತಿ ನೋಡಿದೀರಾ?"

"ಪೂರ್ತಿ ಸಾರ್."

ನೋಡಿದ್ದು ಮೊದಲ ಕಾಲು ಗಂಟೆ. ಆಮೇಲೆ ಸೋಫಾದಲ್ಲೇ ಗೊರಕೆ ಹೊಡೆದಿದ್ದರು. ಆದರೆ ಆ ಕಾಲು ಗಂಟೆ ಬಹಳ ಚೆನ್ನಾಗಿತ್ತು.

ಊಟದ ನಂತರ ಎಲ್ಲರೂ ಮೀಟಿಂಗ್ ರೂಮಿಗೆ ಬಂದರು. ಪರದೆಗೆಂದು ಟೈಪಿಸ್ಟ್ ಅಕ್ಕ ಮೇಜಿನ ಬಟ್ಟೆ ಕಿತ್ತು ಕಟ್ಟಿದರು. ಸ್ಟೋರ್ ಕೀಪರ್ ಕೇಳದೆಯೇ ಪ್ರೊಜೆಕ್ಟರಿನ ಗುಂಡಿಗಳನ್ನೆಲ್ಲ ಒತ್ತಿದ್ದರಿಂದ ಮೊದಲ ಐದು ನಿಮಿಷ ಸಮಾಜ ತಲೆಕೆಳಗಾಗಿ ನಡೆದಾಡಿತು. ಗುಮಾಸ್ತರು ಮಾತ್ರ ಪರದೆಯ ಪಕ್ಕದಲ್ಲಿ ಮದುವೆ ಗಂಡಿನಂತೆ ನಿಂತು, "ಇಲ್ಲಿ ಗಮನಿಸಿ, ಎಂಥ ಕುರಿಗಳು ನೋಡಿ," ಎಂದು ವಿವರಿಸುತ್ತಲೇ ಇದ್ದರು.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಅಂಗಡಿ ಬಂತು. ತಿಂಗಳು ಪೂರ್ತಿ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಹಿಂದಿನ ವರ್ಷ ಚಾನೆಲೊಂದು ಹಬ್ಬಿಸಿದ್ದ ಸುದ್ದಿಗೆ ಜನ ಡ್ರಮ್ಮು ಕೊಳ್ಳಲು ಮುಗಿಬಿದ್ದಿದ್ದರು. ಹರಿದ ಅಂಗಿಯ ಒಬ್ಬ ವ್ಯಕ್ತಿ ಕಳೆದುಹೋಗಿದ್ದ ಮಗು ಸಿಕ್ಕಂತೆ ನೀಲಿ ಡ್ರಮ್ಮೊಂದನ್ನು ತಬ್ಬಿಕೊಂಡು ಕ್ಯಾಮೆರಾ ಕಡೆ ತಿರುಗಿದ.

"ಟಿವೀಲಿ ಸುಳ್ಳು ಹೇಳ್ತಾರೇನ್ರೀ?"

ಗುಮಾಸ್ತರು ಬೆವರೊರೆಸುವ ನೆಪದಲ್ಲಿ ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು.

"ಅಣ್ಣಾ, ಇದು ನೀವೇ ಅಲ್ವಾ?" ಎಂದರು ಟೈಪಿಸ್ಟ್ ಅಕ್ಕ.

ರೂಮು ನಗೆಯಲ್ಲಿ ಮುಳುಗಿತು. ಸ್ಟೋರ್ ಕೀಪರ್ ಕುರ್ಚಿಯಿಂದ ಜಾರಿದರು. ಪರದೆಯ ಮೇಲೆ ಹೆಲ್ಮೆಟ್ ಹಾಕಿದವನೊಬ್ಬ ಡ್ರಮ್ಮನ್ನು ಆಚೆಯಿಂದ ಎಳೆಯುತ್ತಿದ್ದ. ಪರದೆಯ ಗುಮಾಸ್ತರು ಅವನಿಗೆ ಒಂದು ಒದೆ ಕೊಟ್ಟರು. ಅವನು ನೆಲಕ್ಕೆ ಕುಕ್ಕರಿಸಿದ. ಡ್ರಮ್ಮಿನೊಂದಿಗೆ ಗುಮಾಸ್ತರು ಓಟ ಕಿತ್ತ ಮೇಲೆ, ಬೆವರೊರೆಸಿಕೊಳ್ಳಲು ಅವನು ಹೆಲ್ಮೆಟ್ ತೆಗೆದ.

ಮ್ಯಾನೇಜರ್ ಸಾಹೇಬರು.

ನಗು ಕರೆಂಟು ಹೋದಂತೆ ನಿಂತಿತು. ಸಾಹೇಬರು ತಾವೇ ಎದ್ದು ಪ್ರೊಜೆಕ್ಟರ್ ಆರಿಸಿ, "ಎಲ್ಲರೂ ಕೆಲಸ ನೋಡ್ಕೊಳ್ಳಿ," ಎಂದರು. ರೂಮು ಖಾಲಿಯಾಯಿತು. ಗುಮಾಸ್ತರು ಉಳಿದರು.

"ಮೊಣಕಾಲಿಗೆ ಒದ್ದೋರು ನೀವು. ಡ್ರಮ್ ಅಡ್ಡ ಇತ್ತು, ಅವತ್ತು ಮುಖ ಕಾಣಲಿಲ್ಲ."

"ಹೆಲ್ಮೆಟ್ ಇತ್ತಲ್ಲ ಸಾರ್, ನಂಗೂ ಗೊತ್ತಾಗಲಿಲ್ಲ."

"ಆ ಡ್ರಮ್ಮು ಈಗೆಲ್ಲಿದೆ?"

"ಮನೇಲೇ ಇದೆ ಸಾರ್."

ಸಾಹೇಬರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ನಾಳೆ ಬರುವಾಗ ತಂದುಬಿಡಿ. ಮತ್ತೆ ನೀರು ನಿಲ್ಲುತ್ತಂತೆ, ಬೆಳಗ್ಗೆ ಟಿವೀಲಿ ಹೇಳಿದ್ರು."