ಕರೆಂಟು ಹೋದಾಗ ಓದಿದ ಕಾದಂಬರಿ

ಹಿಟ್ಟಿನ ಗಿರಣಿಯಲ್ಲಿ ಕೂತವನು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ; ಅವು ಕಾಳಿನ ಡಬ್ಬಿ ಹೊತ್ತುಕೊಂಡು ತಾವೇ ಬರುತ್ತವೆ. ತೊಂಬತ್ತರ ದಶಕದಲ್ಲಿ, ರಾಮದುರ್ಗದ ನನ್ನ ಗಿರಣಿಗೆ ಒಂದೇ ವರ್ಷದಲ್ಲಿ ಬಂದವು ಇವು.

೧. ಪಣ

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನಲವತ್ತು ದಾಟಿದರೂ ಒಂದು ಪುಸ್ತಕವನ್ನೂ ಕೊನೆತನಕ ಓದಿರಲಿಲ್ಲ. ಅದು ಒಳಗೊಳಗೇ ಚುಚ್ಚುತ್ತಿತ್ತು. ಮುಂದಿನ ಯುಗಾದಿಯೊಳಗೆ ಒಂದು ದೊಡ್ಡ ಕಾದಂಬರಿ ಮುಗಿಸಿಯೇ ತೀರುತ್ತೇನೆಂದು ಪಣ ತೊಟ್ಟು, ವಾಚನಾಲಯದಿಂದ ಅತ್ತೆ-ಸೊಸೆಯರ ಹಳೆಯ, ಹೆಸರಾಂತ ಕಾದಂಬರಿಯೊಂದನ್ನು ತಂದೆ. ಐದುನೂರು ಪುಟ! ಮನೆಗೆ ಹೋದರೆ ಊಟಕ್ಕೆ ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು. ಹಾಗಾಗಿ ಗಿರಣಿಯಲ್ಲಿ ಕರೆಂಟು ಹೋದಾಗ ಮಾತ್ರ ನನ್ನ ಓದು. ಊರೆಲ್ಲ ಶಾಪ ಹಾಕುವಾಗ ನಾನು ಖುಷಿಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಹೆಂಡತಿ ಅಂದಳು: "ಕರೆಂಟ್ ಹೋದ್ರ ಹಿಗ್ಗೂ ಗಿರಣಿಯಾಂವನ್ನ ಇದ ಮೊದಲ ನೋಡಾಕ ಹತ್ತೇನಿ."

೨. ಲಗ್ನ

ಕಾಳು ಬೀಸಿಸಲು ಪಾಳಿ ಹಚ್ಚಿ ಕೂತ ಹೆಂಗಸರು ಸುಮ್ಮನಿರಲಿಲ್ಲ. "ನಮಗೂ ಕೇಳೂವಂಗ ಓದ್ರಿ. ನಮ್ಮನ್ನ ಬಿಟ್ಟ ಮುಂದ ಓದಿದ್ರ ನೋಡ್ರಿ ಮತ್ತ!"

ಗಟ್ಟಿಯಾಗಿ ಓದತೊಡಗಿದೆ. ಮೊದಮೊದಲು ಎಲ್ಲರೂ ಸೇರಿ ಅತ್ತೆಯನ್ನು ಬೈದೆವು. ಅವಳೂ ಎಳೆಯ ವಯಸ್ಸಿನಲ್ಲಿ ಆ ಮನೆಗೆ ಅಳುತ್ತಲೇ ಬಂದವಳೆಂಬ ಪುಟ ಬಂದಾಗ ಯಾರಿಗೂ ಬೈಯಲು ಬಾಯಿ ಬರಲಿಲ್ಲ. ಅದನ್ನು ದೊಡ್ಡ ಕಾದಂಬರಿ ಎಂದು ಯಾಕೆ ಅನ್ನುತ್ತಾರೆಂದು ನನಗೆ ಅವತ್ತು ತಿಳಿಯಿತು.

ಕಾದಂಬರಿಯ ನಾದಿನಿಯ ಲಗ್ನದ ಪುಟಗಳನ್ನು ಓದುತ್ತಿರುವಾಗ ಕರೆಂಟು ಬಂದುಬಿಟ್ಟಿತು. ನನ್ನ ಮನಸ್ಸಿನ್ನೂ ಹಂದರದಲ್ಲೇ ಇತ್ತು. ಒಬ್ಬಳ ಜೋಳದ ಮೇಲೆ ಇನ್ನೊಬ್ಬಳ ಗೋಧಿ ಸುರಿದೆ. ಮರುದಿನ ಜೋಳದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬಡದ್ರ ರೊಟ್ಟಿ ಆಗವಲ್ದು, ಲಟ್ಟಿಸಿದ್ರ ಚಪಾತಿ ಆಗವಲ್ದು. ಪುಸ್ತಕದಾಗ ಲಗ್ನ ಆತಂದ್ರ ನನ್ನ ಜ್ವಾಳಕ್ಕೂ ಅಕ್ಷತಾ ಹಾಕೂದೇನ್ರಿ?"

೩. ಕೊನೆಯ ಇಪ್ಪತ್ತು ಪುಟ

ಯುಗಾದಿಗೆ ಎರಡೇ ದಿನ, ಇಪ್ಪತ್ತು ಪುಟ ಬಾಕಿ. ಹಾಳಾದ್ದು, ಕರೆಂಟು ಹೋಗಲೇ ಇಲ್ಲ! ಹೋಳಿಗೆಯ ಹಿಟ್ಟಿಗೆಂದು ಪಾಳಿ ಬೀದಿತನಕ ಬೆಳೆದಿತ್ತು. ಈ ಸಲವೂ ಕೊನೆ ಮುಟ್ಟುವುದಿಲ್ಲ ಎಂದು ಕನ್ನಡಕ ಮಡಚಿಟ್ಟೆ. ಆಗ ದಿನಾ ಕಥೆ ಕೇಳಲು ಬರುತ್ತಿದ್ದ ನಮ್ಮ ಓಣಿಯ ಉಗರಗೋಳ ಮನೆತನದ ಮುದುಕಿ ಎದ್ದು ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದಳು. ಗಿರಣಿ ನಿಂತಿತು.

"ಹಿಟ್ಟೇನ ಓಡಿ ಹೋಗತೈತಿ? ನೀವು ಓದ್ರಿ."

ಪಾಳಿಯಲ್ಲಿ ಒಬ್ಬರೂ ತಕರಾರು ಮಾಡಲಿಲ್ಲ. ಓದಿದೆ. ದೂರದ ಊರಿಗೆ ಹೋದ ಗಂಡನಿಗಾಗಿ ಕಾಯ್ದು ಕಾಯ್ದು ಸೊಸೆ ಸತ್ತಳು. ಅವನು ಬಂದದ್ದು ಮರುದಿನ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಳುವಿನ ನಡುವೆಯೂ ನನಗೆ ಹೇಳಲಾಗದಷ್ಟು ಸಂತೋಷವಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ಪುಸ್ತಕ ಮುಗಿಸಿದ್ದೆ.

"ಮುಗೀತ್ರಿ," ಅಂದೆ.

ಮುದುಕಿ ಮೂಗು ಒರೆಸಿಕೊಂಡಳು. "ನಾಳಿಂದ ಮತ್ತ ಮೊದಲಿಂದ ಓದ್ರಿ. ಈ ಸಲಾದ್ರೂ ಆ ಗಂಡ ಒಂದ ದಿನ ಮೊದಲ ಬರತಾನೇನ ನೋಡೂಣು."