ಮೂರು ಶಾಲೆಯ ಒಂದು ಟೀವಿ

ಎರಡೂ ಕಡೆಯವರನ್ನು ಕೇಳಿ ಬರೆಯುವ ಮನುಷ್ಯನಿಗೆ ಊರಿನಲ್ಲಿ ಮರ್ಯಾದೆ ಸಿಗುತ್ತದೆ, ಮನೆಯಲ್ಲಿ ಊಟ ತಡವಾಗಿ ಸಿಗುತ್ತದೆ. ಕೊಳ್ಳೇಗಾಲದಲ್ಲಿ ಕೂತು ದಿನಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತಿದ್ದ ವರ್ಷಗಳಲ್ಲಿ ನಾನು ಕಂಡುಕೊಂಡ ಸತ್ಯಗಳಲ್ಲಿ ಇದೇ ಗಟ್ಟಿಯಾದದ್ದು. ನನ್ನ ಹೆಂಡತಿ ವಿಮಲಾ ಲೊಕ್ಕನಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. "ಮನೆಗೆ ಬೆಂಕಿ ಬಿದ್ರೂ ಇವರು ಮೊದಲು ಬೆಂಕಿಯ ಅಭಿಪ್ರಾಯ ಕೇಳ್ಕೊಂಡು ಬರ್ತಾರೆ" ಎಂದು ನೆಂಟರೆದುರು ಹೇಳುತ್ತಿದ್ದಳು. ಆ ಹೇಳಿಕೆಯನ್ನು ನಾನು ಎಂದೂ ನಿರಾಕರಿಸಿಲ್ಲ.

ತೊಂಬತ್ತರ ದಶಕದ ಮಾತು. ಪಾಠವನ್ನು ಟೀವಿಯಲ್ಲಿ ತೋರಿಸಿದರೆ ಮಕ್ಕಳ ತಲೆಗೆ ಬೇಗ ಹತ್ತುತ್ತದೆ ಎಂದು ಯಾವುದೋ ತರಬೇತಿಯಲ್ಲಿ ಕೇಳಿಸಿಕೊಂಡ ಮೂವರು ನಮ್ಮ ಮನೆಯ ಜಗಲಿಯಲ್ಲಿ ಸೇರಿದರು. ಒಬ್ಬಳು ವಿಮಲಾ. ಇನ್ನೊಬ್ಬರು ಬಂಡಳ್ಳಿ ಕಡೆಯ ಶಾಲೆಯ ಮಾದಪ್ಪ ಮೇಷ್ಟ್ರು. ಮತ್ತೊಬ್ಬರು ಯಳಂದೂರು ದಾಟಿ, ಹೊನ್ನೂರು ಕಡೆಯಿಂದ ಬಂದ ಸಿದ್ದರಾಜು ಮೇಷ್ಟ್ರು. ಒಂಟಿಯಾಗಿ ಕೊಳ್ಳುವ ಶಕ್ತಿ ಯಾವ ಶಾಲೆಗೂ ಇರಲಿಲ್ಲ. ಮೂರೂ ಊರಿನಲ್ಲಿ ಚಂದಾ ಎತ್ತಿ ಒಂದು ಬಣ್ಣದ ಟೀವಿ, ಕ್ಯಾಸೆಟ್ ಓಡಿಸುವ ಒಂದು ವಿಸಿಪಿ, ಒಂದಿಷ್ಟು ಪಾಠದ ಕ್ಯಾಸೆಟ್ಟುಗಳನ್ನು ಕೊಂಡರು. ಕೊಳ್ಳುವವರೆಗೂ ಎಲ್ಲ ಸಲೀಸು. ಇಡುವುದು ಯಾರ ಶಾಲೆಯಲ್ಲಿ ಎಂಬಲ್ಲಿ ತೊಡಕು ಬಂತು. ಒಂದು ಊರಿನಲ್ಲಿ ಇಟ್ಟರೆ ಚಂದಾ ಕೊಟ್ಟ ಉಳಿದೆರಡು ಊರಿಗೆ ಏನು ಹೇಳುವುದು?

ಪರಿಹಾರ ಹೊಳೆದದ್ದು ಮಾದಪ್ಪ ಮೇಷ್ಟ್ರಿಗೆ. "ನಮ್ಮಪ್ಪನ ಕಾಲ್ದಲ್ಲಿ ಬಾವೀನೂ ಪಾಲಾಯ್ತು ಸಾ. ನಮ್ಗೆ ಸೇದೋ ಅಗ್ಗ, ದಾಯಾದಿಗಳ್ಗೆ ರಾಟೆ. ಒಂದ್ ದಿನಾನೂ ಜಗಳ ಆಗ್ನಿಲ್ಲ ಕಣ್ರಿ."

"ಮತ್ತೆ ನೀರು ಸೇದೋದು ಹೇಗೆ?" ಎಂದೆ.

"ನೀರ್ನ ಕೆರೇಲಿ ತಕಂಡ್ ಬರೋರು."

ಎಲ್ಲರೂ ನಕ್ಕೆವು. ನಕ್ಕು ಮುಗಿದ ಮೇಲೆ ಅದೇ ರೀತಿ ಹಂಚಿಕೊಂಡರು. ಟೀವಿ ಬಂಡಳ್ಳಿ ಕಡೆಗೆ, ವಿಸಿಪಿ ಹೊನ್ನೂರು ಕಡೆಗೆ, ಕ್ಯಾಸೆಟ್ಟುಗಳು ವಿಮಲಾಳ ಪಾಲಿಗೆ. 'ಸಹಕಾರಕ್ಕೆ ಮಾದರಿ' ಎಂದು ನಾನು ವರದಿ ಕಳಿಸಿದೆ.

ಟೀವಿಗೆ ಕಸೂತಿ ಹಾಕಿದ ಹೊದಿಕೆ ಬಂತು, ಆಯುಧಪೂಜೆಯಲ್ಲಿ ಕುಂಕುಮ ಬಿತ್ತು. ವಿಸಿಪಿ ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿತು. ಕಾಡಂಚಿನ ವಿಮಲಾಳ ಮಕ್ಕಳು ಹೆಜ್ಜೆಗುರುತು ನೋಡಿ ಆನೆ ಹೋದ ದಿಕ್ಕು ಹೇಳುವಂಥವರು. ಆದರೆ ಸಮುದ್ರದ ಪಾಠ ಬಂದಾಗ ಒಬ್ಬ ಹುಡುಗಿ ಕೇಳಿದಳಂತೆ: "ಟೀಚರ್, ಅದ್ರ ಏರಿ ಯಾವ್ ಕಡೀಕದೆ?" ಅಷ್ಟು ನೀರು ನಿಲ್ಲಬೇಕಾದರೆ ಕೆರೆಗಿರುವಂತೆ ಏರಿ ಇರಲೇಬೇಕು ಎಂಬುದು ಇಡೀ ತರಗತಿಯ ವಾದ. "ಕ್ಯಾಸೆಟ್ಟಿದೆ, ತೋರಿಸ್ತೀನಿ" ಎಂದು ವಿಮಲಾ ಮಾತು ಕೊಟ್ಟುಬಿಟ್ಟಳು.

ತೋರಿಸುವ ಮೊದಲೇ ಅವಳಿಗೆ ವರ್ಗವಾಯಿತು. ಉಳಿದದ್ದು ಒಂದೇ ವಾರ. "ಮಕ್ಕಳಿಗೆ ಸುಳ್ಳು ಹೇಳಿ ಹೋದ ಟೀಚರ್ ಅನ್ನಿಸ್ಕೋಬೇಕಾ ನಾನು? ಹೋಗಿ ಟೀವಿ, ವಿಸಿಪಿ ಎರಡೂ ತನ್ನಿ" ಎಂದು ನನ್ನನ್ನು ಅಟ್ಟಿದಳು.

ಮಾದಪ್ಪ ಮೇಷ್ಟ್ರು ಕಾಫಿ ಕೊಟ್ಟರು, ಟೀವಿ ಕೊಡಲಿಲ್ಲ. "ಕೊಡಾಕೇನು ಸಾ? ಆದ್ರೆ ಆ ಸಿದ್ದರಾಜು ವಿಸಿಪಿ ಕಳಿಸ್ದೇ ಇದ್ರೆ ನಮ್ ಟೀವಿ ಅಲ್ಲಿ ಒಂಟಿಯಾಗ್ ಕುಂತ್ಕಂಡು ಏನ್ ಮಾಡ್ತದೆ?" ಸಿದ್ದರಾಜು ಮೇಷ್ಟ್ರು ಎಳನೀರು ಕೊಟ್ಟರು. "ಮೊದ್ಲು ಟೀವಿ ಒರಡ್ಲಿ ಸಾ, ನಮ್ದು ಇಂದ್ಗಡೆ ಬತ್ತದೆ."

ಎರಡೂ ಹೇಳಿಕೆಗಳನ್ನು ಒಂದಕ್ಷರ ಬದಲಿಸದೆ ಮನೆಗೆ ತಂದು ಒಪ್ಪಿಸಿದೆ. ವಿಮಲಾ ಪೂರ್ತಿ ಕೇಳಿಸಿಕೊಂಡಳು. "ವರದಿ ಚೆನ್ನಾಗಿದೆ. ಈಗ ನೀವು ಯಾರ ಕಡೆ?" ನಾನು ಯೋಚಿಸಲು ಸಮಯ ಕೇಳಿದೆ. ಆ ರಾತ್ರಿ ಉಪ್ಪಿಲ್ಲದ ಸಾರು ಉಂಡು ನಿಲುವು ಪ್ರಕಟಿಸಿದೆ: ನಿನ್ನ ಕಡೆ.

"ಹಾಗಾದ್ರೆ ಸಾಮಾನು ಕೇಳಬೇಡಿ, ಮನುಷ್ಯರನ್ನ ಕರೀರಿ. ಶಾಲೆಯಲ್ಲಿ ನನ್ನ ಬೀಳ್ಕೊಡುಗೆ ಊಟಕ್ಕೆ ಬರಲಿ, ಅವರವರ ಪಾಲನ್ನ ಅವರವರೇ ಹಿಡ್ಕೊಂಡು ಬರಲಿ."

ಬಂದರು. ಲಗೇಜು ಆಟೋದಲ್ಲಿ ಮಾದಪ್ಪ ಮೇಷ್ಟ್ರು ಟೀವಿಯನ್ನು ಬಾಣಂತಿ ಮಗಳಂತೆ ಕೂರಿಸಿಕೊಂಡು ಬಂದರು. ಸಿದ್ದರಾಜು ಮೇಷ್ಟ್ರು ಎರಡು ಬಸ್ಸು ಬದಲಿಸಿದರೂ ವಿಸಿಪಿಯನ್ನು ತೊಡೆಯಿಂದ ಇಳಿಸಿರಲಿಲ್ಲ. "ಏನ್ಲಾ ಸಿದ್ದರಾಜು, ಮಗೀಗೆ ಆಲು ಕುಡಿಸ್ದಾ?" ಎಂದರು ಮಾದಪ್ಪನವರು. "ನಿನ್ ಮಗಳ್ಗೆ ಸೀರೆ ಉಡ್ಸಿದ್ದೀಯಲ್ಲ, ಅದ ಬಿಚ್ಲಾ ಮೊದ್ಲು" ಎಂದು ಉತ್ತರ ಬಂತು. ಹೊದಿಕೆ ತೆಗೆದರು, ತಂತಿ ಸಿಕ್ಕಿಸಿದರು, ವಿಮಲಾ ಕ್ಯಾಸೆಟ್ ಹಾಕಿದಳು.

ಒಂದಷ್ಟು ಹೊತ್ತು ಬರೀ ಗೆರೆ. ಆಮೇಲೆ ನೀಲಿ, ಕಣ್ಣು ಹೋದಷ್ಟೂ ನೀರು. ತರಗತಿಯ ಮಕ್ಕಳೆಲ್ಲ ಕತ್ತು ಚಾಚಿದರು. ಕೊನೆಗೆ ಆ ಹುಡುಗಿ ಎದ್ದು ನಿಂತು, "ಏರಿನೇ ಇಲ್ಲ ಟೀಚರ್!" ಎಂದಳು. ವಿಮಲಾ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಊಟಕ್ಕೆ ಕರೆದರೂ ಮೇಷ್ಟ್ರುಗಳಿಬ್ಬರೂ ಏಳಲಿಲ್ಲ. "ಈ ವಾರ ಇಲ್ಲೇ ಇರ್ಲಿ ಕಣ್ಲಾ, ಇಂತಾದ್ದ ಪಾಲ್ ಮಾಡ್ಬಾರ್ದು" ಎಂದು ಮಾದಪ್ಪನವರೇ ಅಂದರು. ಅಲ್ಲಿಂದ ಮುಂದೆ ಸೆಟ್ಟು ಒಟ್ಟಾಗಿಯೇ ಊರೂರು ತಿರುಗಿತು.

ಮರುದಿನ ವರದಿಯಲ್ಲಿ, 'ಅಲೆ ಮುನ್ನುಗ್ಗಿದಾಗ ಮುಂದಿನ ಸಾಲಿನ ಮಕ್ಕಳು ಕಾಲು ಎಳೆದುಕೊಂಡರು' ಎಂದು ಬರೆದೆ. ಕಳಿಸುವ ಮುನ್ನ ವಿಮಲಾ ಓದಿದಳು.

"ಬಾಗಿಲ ಹತ್ರ ನಿಂತು ಪಂಚೆ ಎತ್ತಿ ಹಿಡ್ಕೊಂಡೋರ ವಿಷಯ ಬಿಟ್ಟುಹೋಗಿದೆಯಲ್ಲ?"

ವರದಿಗಾರ ತಾನೇ ಸುದ್ದಿಯಾಗಬಾರದು ಎಂಬುದು ನಮ್ಮ ಕಸುಬಿನ ನಿಯಮ ಎಂದೆ.

"ಅದಿರಲಿ. ನೀವು ಸಮುದ್ರ ನೋಡಿದ್ದೀರಾ?"

ಈ ಕುರಿತು ಪ್ರತಿಕ್ರಿಯೆಗೆ ನಾನು ಲಭ್ಯನಾಗಲಿಲ್ಲ.