ಕೆರೆಯೊಳಗಿನ ಹತ್ತಿ

ಕಪ್ಪೆಚಿಪ್ಪು ಯಾವ ಪ್ರಭೇದದ್ದು ಎಂಬುದನ್ನು ಅದರ ಚಿಪ್ಪು ನೋಡಿ ಹೇಳುವುದು ನಮ್ಮ ಆದವಾನಿ ಸೀಮೆಯಲ್ಲಿ ಶಿಕ್ಷಾರ್ಹ ಅಪರಾಧವಾಗಿದೆ. ಈ ನಿಯಮವನ್ನು ಸಾರ್ವಜನಿಕರು ತುಂಬುಹೃದಯದಿಂದ ಸ್ವಾಗತಿಸಿದ್ದಾರೆ. ಸಾರ್ವಜನಿಕರು ಎಂದರೆ ಆ ಹೊತ್ತಿನಲ್ಲಿ ಕಟ್ಟೆಯ ಮೇಲೆ ನೆರಳಿಗೆ ಕೂತಿದ್ದವರು.

ನಮ್ಮೂರ ಕೆರೆಯಲ್ಲಿ ಎರಡು ಬಗೆಯ ಕಪ್ಪೆಚಿಪ್ಪುಗಳಿವೆ ಎಂದು ಕಂಡುಹಿಡಿದವರು ಪ್ರಾಣಿಶಾಸ್ತ್ರಜ್ಞೆ ಡಾ. ನಾಗಜ್ಯೋತಿಯವರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದರೆ ಗಂಡು ಚಿಪ್ಪಿನ ವೀರ್ಯಾಣುವನ್ನು ದೊಡ್ಡ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದರ ತಲೆ ಚೂಪು, ಇನ್ನೊಂದರದು ಮೊಂಡು. ಚೂಪು ತಲೆಯದು ಅಪರೂಪದ ಜೀವಿ. ಇದು ಒಳ್ಳೆಯ ಸಂಶೋಧನೆ, ನಿಜವಾದ ಸಂಶೋಧನೆ. ಅದಕ್ಕೆ ಬಂದ ಕೇಡೆಂದರೆ ಅದನ್ನು ಸರ್ಕಾರ ಓದಿತು.

ಕೂಡಲೇ ಚಿಪ್ಪುಜೀವಿ ರಕ್ಷಣಾ ವಿಭಾಗ ಹುಟ್ಟಿತು. ಅದರ ಆದೇಶ ಹೀಗಿತ್ತು: "ಚೂಪುತಲೆ ಚಿಪ್ಪನ್ನು ಯಾರೂ ಹಿಡಿಯತಕ್ಕದ್ದಲ್ಲ. ಮೊಂಡುತಲೆ ಚಿಪ್ಪನ್ನು ಹಿಡಿಯಬಹುದು. ಯಾವುದು ಯಾವುದೆಂದು ವೀರ್ಯಾಣು ಪರೀಕ್ಷೆಯಿಂದಲೇ ತಿಳಿಯತಕ್ಕದ್ದು. ಪರೀಕ್ಷೆಗಾಗಿ ಚಿಪ್ಪನ್ನು ಹಿಡಿಯುವ ಮೊದಲು ಪರೀಕ್ಷೆಯ ವರದಿ ಲಗತ್ತಿಸತಕ್ಕದ್ದು. ಹೆಣ್ಣು ಚಿಪ್ಪುಗಳಿಗೆ ವೀರ್ಯಾಣು ಇಲ್ಲವಾದ್ದರಿಂದ ಅವು ಗಂಡನ ಪ್ರಭೇದಕ್ಕೆ ಸೇರಿದವೆಂದು ಭಾವಿಸತಕ್ಕದ್ದು. ಮದುವೆಯಾಗದವು ತಂದೆಯ ಪ್ರಭೇದಕ್ಕೆ."

ಈ ಆದೇಶದಿಂದ ಊರಿನಲ್ಲಿ ಒಬ್ಬರಿಗೆ ಮಾತ್ರ ತೊಂದರೆಯಾಯಿತು. ಆಕೆ ಉಚ್ಚಮ್ಮ. ಕೆರೆಯ ಚಿಪ್ಪು ಆಯ್ದು, ಹತ್ತಿಕಟ್ಟಿಗೆಯ ಬೆಂಕಿಯಲ್ಲಿ ಸುಟ್ಟು, ಎಲೆಅಡಿಕೆಯ ಸುಣ್ಣ ಮಾಡುವುದು ಆಕೆಯ ಕಸುಬು. ವಿಭಾಗದವರು ಬಂದು ಆಕೆಯ ಭಟ್ಟಿಗೆ ಸೀಲು ಹಾಕಿ ಹೋದರು. ಮಣ್ಣಿನ ಭಟ್ಟಿ ಅದು. ಮಳೆಗಾಲಕ್ಕೆ ಮುಂಚೆ ಬೆಂಕಿ ಕಾಣದಿದ್ದರೆ ಮೊದಲ ಮಳೆಗೇ ಕುಸಿದು ಕೂರುತ್ತದೆ. ಅತ್ತೆ ಕಟ್ಟಿದ ಭಟ್ಟಿ ಹೋದರೆ ಮತ್ತೊಂದು ಕಟ್ಟುವ ಕಸುವು ಉಚ್ಚಮ್ಮನ ತೋಳಲ್ಲಿ ಉಳಿದಿರಲಿಲ್ಲ. ಆಕೆ ಸೆರಗು ಬಿಗಿದು ಆದವಾನಿಯ ಬಸ್ಸು ಹತ್ತಿದಳು.

ಚಿಪ್ಪು ನಿರೀಕ್ಷಕ ಸೋಮಶೇಖರಪ್ಪನವರು ಸಜ್ಜನರು. ಯಾರನ್ನೂ ನಿಲ್ಲಿಸಿ ಮಾತಾಡಿಸುವವರಲ್ಲ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ ಆಮೇಲೆ ಮಾತಾಡಿಸಿದರು.

"ಏನಮ್ಮಾ, ಸ್ಯಾಂಪಲ್ ತಂದೀಯೇನು?"

"ಯಾತರದು, ಸಾರು?"

ಸೋಮಶೇಖರಪ್ಪನವರು ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು. ಉಚ್ಚಮ್ಮ ಬಾಯಿಗೆ ಸೆರಗು ಹಿಡಿದಳು.

"ಯಪ್ಪಾ, ಮೊಮ್ಮಕ್ಕಳನ್ನ ಕಂಡಾಕಿ ನಾನು. ಹಿಂತಾ ಮಾತು ಆಡಬಹುದಾ ನೀವು?"

"ನಾನಲ್ಲಮ್ಮಾ, ಸರ್ಕಾರ ಆಡ್ತೈತಿ. ಚಿಪ್ಪು ಬಿಡಿಸಿದ್ರೆ ಹಾಲಿನಂಗ ಬರತೈತಲ್ಲ, ಅದು. ಅದನ್ನ ಟೆಸ್ಟಿಂಗ್‌ಗೆ ಕೊಡು. ರಿಪೋರ್ಟ್ ಬಂದ್ರೆ ಸೀಲು ತೆಗಿತೀನಿ, ಗ್ಯಾರಂಟಿ."

"ಟೆಸ್ಟಿಂಗ್ ಎಲ್ಲಿ ಮಾಡ್ತಾರ್ರಿ?"

ಇದು ಸ್ವಲ್ಪ ಕಷ್ಟದ ಪ್ರಶ್ನೆಯಾಗಿತ್ತು. ಆದೇಶದಲ್ಲಿ ಹೇಳಿದಂಥ ಸೂಕ್ಷ್ಮದರ್ಶಕ ನಮ್ಮ ಸೀಮೆಯಲ್ಲಿ ಇಲ್ಲ. ಆದರೆ "ಲಭ್ಯವಿರುವ ಹತ್ತಿರದ ಪರೀಕ್ಷಾ ಕೇಂದ್ರ" ಎಂಬ ಮಾತು ಆದೇಶದಲ್ಲಿತ್ತು. ಲಭ್ಯವಿದ್ದದ್ದು ಆದವಾನಿಯ ಹೊರವಲಯದ ಒಂದು ಖಾಸಗಿ ಹತ್ತಿ ಪರೀಕ್ಷಾ ಕೇಂದ್ರ. ಅಲ್ಲಿ ಹತ್ತಿಯ ಎಳೆಯ ಉದ್ದ, ತೇವ, ಬಿಳುಪು, ಕಸ ಎಲ್ಲವನ್ನೂ ಯಂತ್ರದಿಂದ ಅಳೆಯುತ್ತಾರೆ. ವೀರ್ಯಾಣುವಿಗೂ ಎಳೆಯಂಥ ಬಾಲವಿದೆ ಎಂದು ಸೋಮಶೇಖರಪ್ಪನವರು ಚಿತ್ರದಲ್ಲಿ ನೋಡಿದ್ದರು. ಹಾಗಾಗಿ ಅವರ ತೀರ್ಮಾನದಲ್ಲಿ ತಪ್ಪು ಹುಡುಕುವಂತಿಲ್ಲ.

ಉಚ್ಚಮ್ಮ ಖಾಲಿ ಸುಣ್ಣದ ಡಬ್ಬಿಯಲ್ಲಿ ಸದರಿ ವಸ್ತುವನ್ನು ತುಂಬಿಕೊಂಡು ಹೋದಳು. ಕೇಂದ್ರದ ಗ್ರೇಡರ್ ಶಿವಕೃಷ್ಣ ಡಬ್ಬಿ ತೆರೆದು, ಬೆರಳ ತುದಿಗೆ ತುಸು ತೆಗೆದುಕೊಂಡು, ಹತ್ತಿಯವರ ರೂಢಿಯಂತೆ ಎರಡು ಹೆಬ್ಬೆರಳ ನಡುವೆ ಎಳೆದು ನೋಡಿದ.

"ಎಳೆ ಭಾಳ ಗಿಡ್ಡ ಐತಿ ಅವ್ವಾ. ತೇವ ವಿಪರೀತ. ಚೆಂದಗ ಒಣಗಿಸಿ ತಗೊಂಡ್ ಬಾ."

"ಒಣಗಿದ್ರೆ ಸಾಯತಾವಪ್ಪ."

"ಹತ್ತಿ ಸಾಯೋದಿಲ್ಲ, ಏಮ್ ಕಾದು, ಏನೂ ಆಗಂಗಿಲ್ಲ. ಎರಡು ಬಿಸಿಲು ತೋರಿಸು."

ಆಕೆ ಬಿಸಿಲು ತೋರಿಸಿದಳು. ಡಬ್ಬಿಯ ತಳದಲ್ಲಿ ಒಂದು ಬಿಳಿಯ ಹೆಕ್ಕಳ ಉಳಿಯಿತು. ಅದರಲ್ಲಿ ಚೂಪು ತಲೆಯೂ ಇರಲಿಲ್ಲ, ಮೊಂಡು ತಲೆಯೂ ಇರಲಿಲ್ಲ, ಹೆಚ್ಚಿನದೆಲ್ಲ ಹಳೆಯ ಸುಣ್ಣವೇ. ಈ ಸಲ ಶಿವಕೃಷ್ಣ ಅದನ್ನು ಯಂತ್ರಕ್ಕೆ ಕೊಟ್ಟು, ಬಂದ ಅಂಕಿಗಳನ್ನು ನೋಡಿ ಎದ್ದು ನಿಂತ. ಕಸ ಇಲ್ಲವೇ ಇಲ್ಲ. ಬಿಳುಪು ಅತ್ಯುತ್ತಮ.

"ನನ್ನ ಸರ್ವೀಸಿನಾಗ ಇಷ್ಟು ಬೆಳ್ಳನ ಮಾಲು ನೋಡಿಲ್ಲವ್ವಾ! ಯಾವ ಹೊಲದ್ದು?"

"ಕೆರೀದು."

"ಕರಿ ಹೊಲಕ್ಕಿಂತ ಕೆರೆ ಮಣ್ಣೇ ವಾಸಿ, ನಾನು ಎಲ್ಲಾರಿಗೂ ಹೇಳ್ತೀನಿ."

ಯಂತ್ರಕ್ಕೆ ತಿಳಿದಿದ್ದ ಸರಕು ಒಂದೇ. ಆದ್ದರಿಂದ ವರದಿಯಲ್ಲಿ ಸರಕಿನ ಹೆಸರು "ಹತ್ತಿ", ದರ್ಜೆ "ಮೊದಲನೆಯದು" ಎಂದು ಅಚ್ಚಾಯಿತು.

ಸೋಮಶೇಖರಪ್ಪನವರು ವರದಿಯನ್ನು ಗಂಭೀರವಾಗಿ ಓದಿದರು. ಪರೀಕ್ಷಾ ಕೇಂದ್ರದ ತೀರ್ಪೇ ಅಂತಿಮ ಎಂದು ಆದೇಶ ಸ್ಪಷ್ಟವಾಗಿ ಹೇಳಿತ್ತು. ಹತ್ತಿಯ ಮೇಲೆ ಅವರ ವಿಭಾಗಕ್ಕೆ ಅಧಿಕಾರವಿಲ್ಲ. ಸೀಲು ತೆಗೆಯದೆ ಗತ್ಯಂತರವಿರಲಿಲ್ಲ. ಆದರೆ ಅವರು ಆತ್ಮಸಾಕ್ಷಿಯ ಮನುಷ್ಯ.

"ಉಚ್ಚಮ್ಮಾ, ಇದು ಹತ್ತಿ ಅಂದಮ್ಯಾಲೆ ಸುಡೋದು ಹೆಂಗ? ಬೆಂಕಿ ಕೇಸ್ ಆಗತೈತಿ."

ಉಚ್ಚಮ್ಮ ಕಿಟಕಿಯತ್ತ ನೋಡಿದಳು. ಹೊರಗೆ ಆಗಲೇ ಮೋಡ ಕಟ್ಟತೊಡಗಿತ್ತು. ಆಕೆ ಸೀರೆಯ ತುದಿ ಹಿಂಡುತ್ತ, "ಸಾರು, ಹತ್ತಿ ಬಿಡಿಸಿದ ಮ್ಯಾಲೆ ಉಳಿದದ್ದನ್ನ ಎಲ್ಲಾರೂ ಒಲಿಗೆ ಹಾಕ್ತಾರಲ್ರಿ" ಎಂದಳು.

ಸೋಮಶೇಖರಪ್ಪನವರು ಕಣ್ಣುಮುಚ್ಚಿ ಯೋಚಿಸಿದರು. ಎಳೆ ತೆಗೆದ ಮೇಲೆ ಉಳಿದ ಚಿಪ್ಪು ನ್ಯಾಯವಾಗಿ ಹತ್ತಿಕಟ್ಟಿಗೆ. ಹತ್ತಿಕಟ್ಟಿಗೆ ಸುಡುವುದು ಈ ಸೀಮೆಯಲ್ಲಿ ತಲೆತಲಾಂತರದ ಪದ್ಧತಿ. ಅವರು ಹಾಗೆಯೇ ಬರೆದು ಸಹಿ ಹಾಕಿದರು. ಮಳೆಗೆ ಮುಂಚೆ ಭಟ್ಟಿಯಲ್ಲಿ ಹೊಗೆಯೆದ್ದಿತು, ಊರು ಮತ್ತೆ ನಾಲಿಗೆ ಸುಡುವಂಥ ಸುಣ್ಣ ತಿಂದಿತು.

ಅಲ್ಲಿಂದ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ಕೃಷಿಯವರು ಕೆರೆಯನ್ನು ಹತ್ತಿ ಬೆಳೆಯುವ ಪ್ರದೇಶಕ್ಕೆ ಸೇರಿಸಿದರು. ಒಬ್ಬ ಬೀಜದ ಕಂಪನಿಯವನು ದಡದಲ್ಲಿ ಬೋರ್ಡು ನೆಟ್ಟ. ರಕ್ಷಣಾ ವಿಭಾಗದ ವಾರ್ಷಿಕ ವರದಿಯಲ್ಲಿ, "ಸದರಿ ಕೆರೆಯಲ್ಲಿ ಕಪ್ಪೆಚಿಪ್ಪುಗಳು ಇರುವುದಿಲ್ಲ, ಆದ್ದರಿಂದ ಅವುಗಳಿಗೆ ಯಾವ ಅಪಾಯವೂ ಇಲ್ಲ" ಎಂದು ಬರೆದು, ಸೋಮಶೇಖರಪ್ಪನವರಿಗೆ ಬಡ್ತಿ ಕೊಡಲಾಯಿತು.

ಆ ವರದಿ ಓದಿ ಗಾಬರಿಯಾದ ಡಾ. ನಾಗಜ್ಯೋತಿಯವರು ಸ್ವತಃ ನಮ್ಮೂರಿಗೆ ಬಂದರು. ಅಧಿಕಾರಿಗಳೆಲ್ಲ ಜೊತೆಗಿದ್ದರು. ಚಪ್ಪಲಿ ಬಿಟ್ಟು ಕೆರೆಗಿಳಿದ ಅವರ ಕಾಲಿಗೆ ಏನೋ ತಾಗಿತು. ಬಗ್ಗಿ ಎತ್ತಿದರು. ಅಂಗೈ ಅಗಲದ ಕಪ್ಪೆಚಿಪ್ಪು, ಸಂದಿನಿಂದ ನೀರು ಚಿಮ್ಮಿಸಿತು.

"ಇದೇನಮ್ಮ?" ಎಂದು ಅವರು ದಡದ ಮೇಲಿದ್ದ ಉಚ್ಚಮ್ಮನನ್ನು ಕೇಳಿದರು.

ಉಚ್ಚಮ್ಮ ಹಿಂದಕ್ಕೆ ತಿರುಗಿ ತನ್ನ ಭಟ್ಟಿಯನ್ನು ನೋಡಿದಳು. ಚಿಪ್ಪು ಎಂದರೆ ನಾಳೆಯೇ ಭಟ್ಟಿಯ ಬಾಯಿಗೆ ಮತ್ತೆ ಸೀಲು. ಅಧಿಕಾರಿಗಳು ಆಕೆಯ ಮುಖ ನೋಡಿದರು. ಅವರ ಬಡ್ತಿಗಳೂ ಆ ಮುಖದಲ್ಲೇ ಇದ್ದವು.

"ಹತ್ತಿ ಮೇಡಮ್" ಎಂದಳು ಉಚ್ಚಮ್ಮ.

ಎಲ್ಲರೂ ತಲೆಯಾಡಿಸಿದರು. ಡಾ. ನಾಗಜ್ಯೋತಿಯವರು ಚಿಪ್ಪನ್ನು ನೋಡಿದರು, ಭಟ್ಟಿಯನ್ನು ನೋಡಿದರು, ಮುದುಕಿಯ ಸುಣ್ಣ ತಿಂದು ಬಿರಿದ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಿಪ್ಪನ್ನು ಮೆತ್ತಗೆ ನೀರಿಗೆ ಬಿಟ್ಟು ಕೇಳಿದರು:

"ಈ ತಳಿಗೆ ನೀರು ಎಷ್ಟು ಬೇಕಾಗುತ್ತೆ?"

"ಜರಾ ಜಾಸ್ತಿನೇ ಬೇಕ್ರಿ" ಎಂದಳು ಉಚ್ಚಮ್ಮ.